ಅಮ್ಮನ ಎಡಗಿವಿಗಾಗಿ ಹತ್ತು ಪಟ್ಟು ದೊಡ್ಡ ನಡುಕಿವಿ

ಅಮ್ಮನ ಎಡಗಿವಿಯೊಳಗೆ ಒಂದು ಮೂಳೆ ಅಲುಗಾಡುವುದನ್ನು ನಿಲ್ಲಿಸಿದೆ. ಅದರ ಎತ್ತರ ಸುಮಾರು 3 ಮಿ.ಮೀ., ತೂಕ ಸುಮಾರು 3 ಮಿಲಿಗ್ರಾಂ. ಇಡೀ ಮೈಯಲ್ಲಿ ಅದಕ್ಕಿಂತ ಚಿಕ್ಕ ಮೂಳೆ ಇಲ್ಲ. ವೈದ್ಯರು ಚೀಟಿಯ ಹಿಂಬದಿಯಲ್ಲಿ ಚಿತ್ರ ಬರೆದು ತೋರಿಸಿದರು: ಕಿವಿಯ ತಮಟೆ, ಆಮೇಲೆ ಮೂರು ಮೂಳೆ, ತಮಟೆಗೆ ಅಂಟಿದ ಸುತ್ತಿಗೆ, ಅದರ ಬೆನ್ನಿಗೆ ಅಡಿಗಲ್ಲು, ಕೊನೆಯಲ್ಲಿ ಕುದುರೆ ಸವಾರರು ಕಾಲಿಡುವ ರಿಕಾಪಿನಂಥದ್ದು. ಆ ರಿಕಾಪಿನ ಪಾದ ಸುತ್ತಲಿನ ಎಲುಬಿಗೆ ಬೆಸೆದುಕೊಂಡಿದೆ, ಓಟೋಸ್ಕ್ಲೆರೋಸಿಸ್ ಅಂದರು. ಶ್ರುತಿಕವೆಯನ್ನು (ಟ್ಯೂನಿಂಗ್ ಫೋರ್ಕ್) ಕಿವಿಯ ಮುಂದೆ ಹಿಡಿದಾಗ ಅಮ್ಮನಿಗೆ ಸರಿಯಾಗಿ ಕೇಳಿಸಲಿಲ್ಲ, ಅದರ ಬುಡವನ್ನು ಕಿವಿಯ ಹಿಂದಿನ ಎಲುಬಿಗೆ ಒತ್ತಿದಾಗ ಜೋರಾಗಿ ಕೇಳಿಸಿತು. 1855ರಲ್ಲಿ ರಿನ್ನೆ ಎಂಬ ಜರ್ಮನ್ ವೈದ್ಯರು ಹೇಳಿಕೊಟ್ಟ ಪರೀಕ್ಷೆ ಅದು. ಒಳಕಿವಿ ಚೆನ್ನಾಗಿದೆ, ಅಲ್ಲಿಗೆ ಹೋಗುವ ದಾರಿ ಕಟ್ಟಿದೆ ಎಂದು ಅದರ ಅರ್ಥ.

ಮನೆಗೆ ಬಂದ ಮೇಲೆ ಅಮ್ಮ ಕೇಳಿದ್ದು ಒಂದೇ. "ಶಬ್ದ ಬಂದರೆ ತಮಟೆ ಅಲುಗುತ್ತೆ ಅಂತೀಯ. ಮತ್ತೆ ಮಧ್ಯೆ ಈ ಮೂಳೆಗಳೆಲ್ಲ ಯಾಕೋ?"

ಬಾಯಲ್ಲಿ ಹೇಳಲು ಹೋಗಿ ಎರಡು ಸಲ ತಡವರಿಸಿದೆ. ಮಾಡಿಯೇ ತೋರಿಸುತ್ತೇನೆ ಅಂದೆ. ಐದು ವಾರ ಹಿಡಿಯಿತು. ಕೈಗೆ ಬಂದದ್ದನ್ನೂ ಕೆಟ್ಟದ್ದನ್ನೂ ಇಲ್ಲಿ ಬರೆದಿಡುತ್ತಿದ್ದೇನೆ.

ಅಳತೆ

ಅಮ್ಮನ ಪ್ರಶ್ನೆಗೆ ಉತ್ತರ ಇರುವುದು ನೀರಿನಲ್ಲಿ. ಶಬ್ದ ಬರುವುದು ಗಾಳಿಯಲ್ಲಿ, ಆದರೆ ಒಳಕಿವಿಯ ಶಂಖದ, ಅಂದರೆ ಶಬ್ದವನ್ನು ಗ್ರಹಿಸುವ ಸುರುಳಿಯ, ತುಂಬ ದ್ರವ. ಗಾಳಿಯ ಶಬ್ದ ನೀರಿನ ಮೇಲ್ಮೈಗೆ ಬಡಿದರೆ ಅದರ ಶಕ್ತಿಯಲ್ಲಿ ಸುಮಾರು ಶೇ. 99.9 ಬಂದ ದಾರಿಯಲ್ಲೇ ವಾಪಸು ಹೋಗುತ್ತದೆ. ಸಾವಿರದಲ್ಲಿ ಒಂದು ಪಾಲು ಮಾತ್ರ ಒಳಗಿಳಿಯುತ್ತದೆ, ಅಂದರೆ 30 ಡೆಸಿಬೆಲ್ ನಷ್ಟ. ಈಜುವಾಗ ತಲೆ ಮುಳುಗಿಸಿದ ಕೂಡಲೇ ದಡದವರ ಮಾತು ಮಾಯವಾಗುವುದು ಇದರಿಂದಲೇ. ಗಾಳಿ ಬಹಳ ಅಲುಗುತ್ತದೆ, ಆದರೆ ಅದರ ಒತ್ತು ಸಣ್ಣದು. ನೀರಿಗೆ ಅಲುಗಾಟ ಸ್ವಲ್ಪ ಸಾಕು, ಒತ್ತು ಮಾತ್ರ ದೊಡ್ಡದೇ ಬೇಕು. ಹಲಗೆಯ ಮೇಲೆ ಅಂಗೈ ಊರಿದರೆ ಏನೂ ಆಗದು. ಅದೇ ಬಲವನ್ನು ಮೊಳೆಯ ತಲೆಗೆ ಕೊಟ್ಟರೆ ತುದಿ ಹಲಗೆಗೆ ಇಳಿಯುತ್ತದೆ. ನಡುಕಿವಿ ಮಾಡುವುದೂ ಇದನ್ನೇ: ಅಗಲವಾದ ತಮಟೆಯ ಮೇಲೆ ಬಿದ್ದ ಬಲವನ್ನೆಲ್ಲ ಚಿಕ್ಕ ಪಾದವೊಂದರ ಮೇಲೆ ತಂದು ಕೂಡಿಸುತ್ತದೆ.

ಎಲ್ಲವನ್ನೂ ಹತ್ತು ಪಟ್ಟು ಹಿಗ್ಗಿಸಿದೆ. ಆಗ ವಿಸ್ತೀರ್ಣ ನೂರು ಪಟ್ಟಾಗುತ್ತದೆ. ತಮಟೆಯಲ್ಲಿ ಲೆಕ್ಕಕ್ಕೆ ಬರುವಂತೆ ಕಂಪಿಸುವ ಭಾಗ ಸುಮಾರು 55 ಚದರ ಮಿ.ಮೀ., ರಿಕಾಪಿನ ಪಾದ ಸುಮಾರು 3.2. ಹಾಗಾಗಿ ನನಗೆ ಬೇಕಾದದ್ದು 5,500 ಮತ್ತು 320. ಹಳೆಯ 90 ಮಿ.ಮೀ. ಪಿವಿಸಿ ಪೈಪಿನ ತುಂಡೊಂದು ಮೂಲೆಯಲ್ಲಿ ಬಿದ್ದಿತ್ತು. ಒಳವ್ಯಾಸ ಅಳೆದರೆ 84 ಮಿ.ಮೀ., ವಿಸ್ತೀರ್ಣ 5,540 ಚದರ ಮಿ.ಮೀ. ಹೇಳಿ ಮಾಡಿಸಿದರೂ ಇಷ್ಟು ಸರಿಯಾಗಿ ಕೂರುತ್ತಿರಲಿಲ್ಲ. ಪಾದಕ್ಕೆ 20 ಮಿ.ಮೀ. ವ್ಯಾಸದ ಅಕ್ರಿಲಿಕ್ ಬಿಲ್ಲೆ, ಅಂದರೆ 314 ಚದರ ಮಿ.ಮೀ. ಅನುಪಾತ 17.6 ಬಂತು. ಕಿವಿಯಲ್ಲಿ ಅದು 17ರ ಆಸುಪಾಸು.

ಇದರ ಜೊತೆಗೆ ಸನ್ನೆಕೋಲು. ಸುತ್ತಿಗೆಯ ಹಿಡಿ ಅಡಿಗಲ್ಲಿನ ಕಾಲಿಗಿಂತ ಕೊಂಚ ಉದ್ದ. ಕಿವಿಯಲ್ಲಿ ಈ ಅನುಪಾತ ಸುಮಾರು 1.3. ನಾನು ಹಿಡಿಯನ್ನು 58 ಮಿ.ಮೀ., ಕಾಲನ್ನು 45 ಮಿ.ಮೀ. ಇಟ್ಟೆ. ಎರಡು ಅನುಪಾತಗಳನ್ನೂ ಗುಣಿಸಿದರೆ ಕಿವಿಯಲ್ಲಿ ಒತ್ತಡ ಸುಮಾರು 22 ಪಟ್ಟು ಏರುತ್ತದೆ, 27 ಡೆಸಿಬೆಲ್ ಹತ್ತಿರ. ನೀರಿನ ಬಾಗಿಲಲ್ಲಿ ಕಳೆದುಹೋಗುತ್ತಿದ್ದ 30ರ ಬಹುಪಾಲು ಹೀಗೆ ವಾಪಸು ಸಿಕ್ಕಂತಾಯಿತು. ಇದು ಕಾಗದದ ಲೆಕ್ಕ. ನಿಜವಾದ ಕಿವಿಯಲ್ಲಿ ಸ್ವರದ ಎತ್ತರಕ್ಕೆ ತಕ್ಕಂತೆ ಗಳಿಕೆ ಬದಲಾಗುತ್ತದೆ, ಸಾಮಾನ್ಯವಾಗಿ ಇದಕ್ಕಿಂತ ಕಡಿಮೆಯೇ ಇರುತ್ತದೆ.

ಹೆಲ್ಮ್‌ಹೋಲ್ಟ್ಜ್ ಎಂಬ ಜರ್ಮನ್ ವಿಜ್ಞಾನಿ 1868ರಷ್ಟು ಹಿಂದೆಯೇ ಈ ಮೂಳೆಗಳ ಯಂತ್ರವಿದ್ಯೆಯನ್ನು ವಿವರಿಸಿ ಬರೆದಿದ್ದರು. ಶಾಲೆಯಲ್ಲಿ ಓದಿದ ನೆನಪಿನ ಮೇಲೆ, ಸನ್ನೆಕೋಲೇ ಇಲ್ಲಿನ ದೊಡ್ಡ ಸಂಗತಿ ಅಂದುಕೊಂಡಿದ್ದೆ. ಲೆಕ್ಕ ಹಾಕಿದ ಮೇಲೆ ಗೊತ್ತಾಯಿತು, ಅದರ ಪಾಲು ಬರೀ 1.3.

ಮೊದಲ ತಮಟೆ

ಪೈಪಿನ ಬಾಯಿಗೆ ಬಲೂನಿನ ರಬ್ಬರ್ ಎಳೆದು ಕಟ್ಟಿದೆ. ಅದರ ನಡುವಿಗೆ ಬಾಲ್ಸಾ ಮರದ ಸುತ್ತಿಗೆಯ ಹಿಡಿಯ ತುದಿಯನ್ನು ಅಂಟಿಸಿದೆ. ಅದರಾಚೆ ಅಕ್ರಿಲಿಕ್ ಪೆಟ್ಟಿಗೆ, ಅದು ನಡುಕಿವಿ. ಅದರ ಹಿಂದಿನ ಗೋಡೆಯಲ್ಲಿ 24 ಮಿ.ಮೀ. ರಂಧ್ರ. ರಂಧ್ರಕ್ಕೆ ತೆಳು ರಬ್ಬರ್ ಹೊದಿಸಿ ಅದರ ಮೇಲೆ ಪಾದದ ಬಿಲ್ಲೆ ಕೂರಿಸಿದೆ. ಕಿವಿಯಲ್ಲಿ ಈ ಕಿಟಕಿ ಅಂಡಾಕಾರ, ನನ್ನದು ದುಂಡಗಿದೆ. ಗೋಡೆಯ ಆಚೆ ಬಣ್ಣ ಬೆರೆಸಿದ ನೀರು ತುಂಬಿದ ಮುಚ್ಚಿದ ಕೋಣೆ. ಇಷ್ಟು ಕಟ್ಟಿ, ಪೈಪಿನ ಈ ಬದಿಯಿಂದ ಸಿರಿಂಜಿನಲ್ಲಿ ಮೆಲ್ಲಗೆ ಗಾಳಿ ಒತ್ತಿದೆ.

ಏನೂ ಅಲುಗಲಿಲ್ಲ. ರಬ್ಬರ್ ಉಬ್ಬಿತು, ಹಿಡಿ ಕಲ್ಲಿನಂತೆ ನಿಂತಿತು. ಕೀಲು ಬಿಗಿಯಾಗಿರಬೇಕೆಂದು ಎಣ್ಣೆ ಬಿಟ್ಟೆ, ಬಿಲ್ಲೆಯ ಅಂಚನ್ನು ಮತ್ತೆ ತಿಕ್ಕಿದೆ. ಒಂದು ಸಂಜೆಯೆಲ್ಲ ಹೋಯಿತು. ರಾತ್ರಿ ಪಾತ್ರೆ ತೊಳೆಯುವಾಗ, ತುಂಬಿದ ಬಾಟಲಿಯ ಮುಚ್ಚಳವನ್ನು ಒಳಕ್ಕೆ ಒತ್ತಲು ನೋಡಿದಾಗ ಹೊಳೆಯಿತು: ನೀರು ಕುಗ್ಗುವುದಿಲ್ಲ. ನಾಲ್ಕೂ ಕಡೆ ಗಟ್ಟಿ ಗೋಡೆಯಿದ್ದರೆ ಪಾದ ಹೋಗುವುದಾದರೂ ಎಲ್ಲಿಗೆ? ಕಿವಿಯಲ್ಲಿ ಇದಕ್ಕೆಂದೇ ಎರಡನೆಯ ಕಿಟಕಿ ಇದೆ, ದುಂಡು ಕಿಟಕಿ, ತೆಳುಪೊರೆ ಹೊದ್ದದ್ದು. ರಿಕಾಪು ಒಳಗೆ ಒತ್ತಿದಾಗ ಆ ಪೊರೆ ಹೊರಗೆ ಉಬ್ಬುತ್ತದೆ, ಹಿಂದೆ ಸರಿದಾಗ ಒಳಗೆ ಬಾಗುತ್ತದೆ. ಚಿತ್ರಗಳಲ್ಲಿ ನೂರು ಸಲ ನೋಡಿದ್ದೇನೆ. ಅದು ಯಾಕಿದೆ ಎಂದು ಒಂದು ಸಲವೂ ಕೇಳಿಕೊಂಡಿರಲಿಲ್ಲ. ಮರುದಿನ ಮೊದಲ ಕಿಟಕಿಯ ಕೆಳಗೇ ಇನ್ನೊಂದು ರಂಧ್ರ ಕೊರೆದು ರಬ್ಬರ್ ಕಟ್ಟಿದೆ. ಪಾದ ಅಲುಗಿತು.

ಈಗ ಅಳೆಯುವ ಕೆಲಸ. ದುಂಡು ಕಿಟಕಿಯ ರಬ್ಬರ್ ತೆಗೆದು, ಆ ಜಾಗದಲ್ಲಿ 2 ಮಿ.ಮೀ. ಒಳವ್ಯಾಸದ ಪಾರದರ್ಶಕ ನಳಿಕೆಯನ್ನು ಮೇಲ್ಮುಖವಾಗಿ ನಿಲ್ಲಿಸಿದೆ. ತಮಟೆಯ ಬದಿಗೆ ನೀರು ತುಂಬಿದ ಯು ಆಕಾರದ ನಳಿಕೆ. ಅಲ್ಲಿ 10 ಮಿ.ಮೀ. ನೀರಿನಷ್ಟು ಗಾಳಿಯೊತ್ತಡ ಕೊಟ್ಟರೆ ತಮಟೆಯ ಮೇಲೆ ಬೀಳುವ ಬಲ 55 ಗ್ರಾಂ ತೂಕದಷ್ಟು. ಸನ್ನೆಕೋಲಿನಲ್ಲಿ ಅದು 72 ಆಗುತ್ತದೆ. ಆ 72 ಗ್ರಾಂ 3.14 ಚದರ ಸೆಂ.ಮೀ. ಬಿಲ್ಲೆಯ ಮೇಲೆ ಕೂತರೆ ಆಚೆಯ ನಳಿಕೆಯಲ್ಲಿ ನೀರು 229 ಮಿ.ಮೀ. ಏರಬೇಕು.

ಏರಿದ್ದು 38.

ತಪ್ಪು ಎಲ್ಲಿದೆ ಎಂದು ದೀಪವನ್ನು ಓರೆಯಾಗಿ ಹಿಡಿದು ನೋಡಿದೆ. ಹಿಡಿ ಅಂಟಿದ್ದ ನಡುಭಾಗ ಕುಳಿಯಂತೆ ನಿಂತಿತ್ತು. ಅದರ ಸುತ್ತ ರಬ್ಬರ್ ಬಳೆಯ ಹಾಗೆ ಉಬ್ಬಿಕೊಂಡಿತ್ತು. ಗಾಳಿಯ ಬಲದ ಬಹುಪಾಲು ಆ ಉಬ್ಬಿನ ಮೂಲಕ ಪೈಪಿನ ಅಂಚಿಗೇ ಹೋಗುತ್ತಿತ್ತು, ಹಿಡಿಗೆ ಬರುತ್ತಿದ್ದದ್ದು ಚೂರು. ನಿಜವಾದ ತಮಟೆ ಹೀಗೆ ಚಪ್ಪಟೆಯಾಗಿಲ್ಲ, ಹೀಗೆ ಮೆತ್ತಗೂ ಇಲ್ಲ. ಅದು ಒಳಮುಖವಾಗಿ ಬಾಗಿದ ಆಳವಲ್ಲದ ಶಂಕು. ದಪ್ಪ ಸುಮಾರು 0.1 ಮಿ.ಮೀ. ಆದರೂ ಮೂರು ಪದರ: ಹೊರಗೆ ಚರ್ಮ, ಒಳಗೆ ಲೋಳೆಪೊರೆ, ನಡುವೆ ನಾರು. ಆ ನಾರುಗಳಲ್ಲಿ ಕೆಲವು ಚಕ್ರದ ಅರಗಳಂತೆ ನಡುವಿನಿಂದ ಅಂಚಿಗೆ ಹರಡಿವೆ, ಕೆಲವು ಸುತ್ತಲೂ ಬಳಸಿವೆ. ಹೀಗಾಗಿ ಸುತ್ತಿಗೆಯ ಹಿಡಿಗೆ ತಮಟೆಯ ತುಂಬ ಬಿದ್ದ ಬಲ ತಲುಪುತ್ತದೆ.

ಡ್ರಾಯಿಂಗ್ ಕಾಗದದಲ್ಲಿ 76 ಮಿ.ಮೀ. ಅಗಲದ, 20 ಮಿ.ಮೀ. ಆಳದ ಶಂಕು ಮಾಡಿ, ಒಳಬದಿಗೆ ಬಿದಿರಿನ ತೆಳು ಸಿಬಿರುಗಳನ್ನು ಅರಗಳಂತೆ ಅಂಟಿಸಿದೆ. ಅಂಚಿನಲ್ಲಿ ಮಾತ್ರ ಸಡಿಲವಾದ ರಬ್ಬರ್ ಪಟ್ಟಿ. ಸ್ಪೀಕರ್ ಬಿಚ್ಚಿ ನೋಡಿದವರಿಗೆ ಈ ಆಕಾರ ಗೊತ್ತೇ ಇರುತ್ತದೆ. ಅದೇ 10 ಮಿ.ಮೀ. ಒತ್ತಡಕ್ಕೆ ನೀರು 121ಕ್ಕೆ ಏರಿತು.

ಕೀಲು

ಮೊದಲು ಸುತ್ತಿಗೆ ಮತ್ತು ಅಡಿಗಲ್ಲನ್ನು ಒಟ್ಟಿಗೆ ಅಂಟಿಸಿ, ಅಡ್ಡಲಾಗಿ ತೂತು ಕೊರೆದು, ಮೊಳೆಯೊಂದರ ಮೇಲೆ ಕೂರಿಸಿದ್ದೆ. ಒತ್ತಡ ಏರಿಸುವಾಗ ಒಂದು ಅಂಕಿ, ಇಳಿಸುವಾಗ ಇನ್ನೊಂದು. ಮೊಳೆ ಹಿಡಿಯುತ್ತಿತ್ತು. ಕೈಯಿಂದ ಒತ್ತುವಾಗ ಇದು ಸಣ್ಣ ತೊಂದರೆ, ಶಬ್ದಕ್ಕೆ ಮಾತ್ರ ಇದೇ ಸಾವು. ಕಿವಿಗೆ ಕೇಳಿಸುವ ಅತಿ ಸಣ್ಣ ಶಬ್ದದಲ್ಲಿ ತಮಟೆಯ ಚಲನೆ ಒಂದು ಪರಮಾಣುವಿನ ಅಗಲಕ್ಕಿಂತಲೂ ಕಡಿಮೆ. ಒಂದರ ಮೇಲೊಂದು ಉಜ್ಜುವ ಯಾವ ಕೀಲೂ ಅಷ್ಟು ಸಣ್ಣದಕ್ಕೆ ಮಣಿಯುವುದಿಲ್ಲ.

ನಡುಕಿವಿಯಲ್ಲಿ ಮೊಳೆ ಇಲ್ಲ. ಮೂಳೆಗಳು ರಜ್ಜುಗಳ ಮೇಲೆ ತೂಗುತ್ತವೆ. ಸುತ್ತಿಗೆಯನ್ನು ಮುಂದಿನಿಂದ ಒಂದು ರಜ್ಜು ಎಳೆದು ಹಿಡಿದಿದೆ, ಅಡಿಗಲ್ಲನ್ನು ಹಿಂದಿನಿಂದ ಇನ್ನೊಂದು. ಅವೆರಡನ್ನೂ ಸೇರಿಸುವ ಗೆರೆಯೇ ಹೆಚ್ಚುಕಡಿಮೆ ಅವು ತೊನೆಯುವ ಅಕ್ಷ. ನಾನು ಗಿಟಾರಿನ ಅತಿ ತೆಳು ತಂತಿಯನ್ನು ಪೆಟ್ಟಿಗೆಯ ಎರಡು ಗೋಡೆಗಳ ನಡುವೆ ಬಿಗಿದು, ಮರದ ತುಂಡನ್ನು ಎಪಾಕ್ಸಿಯಿಂದ ಅದಕ್ಕೇ ಅಂಟಿಸಿದೆ. ಈಗ ಉಜ್ಜುವುದೇನೂ ಇಲ್ಲ, ತಂತಿ ಒಂದಿಷ್ಟು ತಿರುಚಿಕೊಳ್ಳುತ್ತದೆ ಅಷ್ಟೆ. ಉಸಿರು ಬಿಟ್ಟರೂ ಹಿಡಿ ತೊನೆಯತೊಡಗಿತು. ಆ ಕ್ಷಣದಲ್ಲಿ ನನಗಾದ ಸಂತೋಷ ಇಡೀ ಐದು ವಾರದಲ್ಲಿ ಮತ್ತೆ ಆಗಲಿಲ್ಲ.

ಆದರೆ ಹಿಡಿ ನೇರವಾಗಿ ನಿಲ್ಲುತ್ತಿರಲಿಲ್ಲ. ಅದರ ಭಾರಕ್ಕೆ ತಮಟೆ ಒಂದು ಕಡೆಗೆ ವಾಲುತ್ತಿತ್ತು. ಅಕ್ಷದ ಮೇಲ್ಬದಿಗೆ ಮರದ ಗುಂಡೊಂದನ್ನು ಸೇರಿಸಿ, ಸ್ಯಾಂಡ್ ಪೇಪರಿನಲ್ಲಿ ಸ್ವಲ್ಪಸ್ವಲ್ಪ ತಿಕ್ಕುತ್ತಾ ಎರಡೂ ಬದಿ ತೂಗುವಂತೆ ಮಾಡಿದೆ. ಮಾಡಿ ಮುಗಿಸಿ, ಪಕ್ಕದಲ್ಲಿ ತೆರೆದಿಟ್ಟಿದ್ದ ಚಿತ್ರವನ್ನು ನೋಡಿದರೆ ಸುತ್ತಿಗೆಯ ದಪ್ಪ ತಲೆ, ಅಡಿಗಲ್ಲಿನ ಮೈ ಎರಡೂ ಸರಿಯಾಗಿ ಅಲ್ಲೇ ಇವೆ, ಅಕ್ಷದ ಮೇಲೆ. ಇಷ್ಟು ದಿನ ಆ ತಲೆ ಯಾಕೆ ಅಷ್ಟು ದಪ್ಪ ಎಂದು ನನಗೆ ತಿಳಿದಿರಲಿಲ್ಲ. ಇದಾದ ಮೇಲೆ ನಳಿಕೆಯ ನೀರು 148 ಮುಟ್ಟಿತು, ಏರುವಾಗಲೂ ಇಳಿಯುವಾಗಲೂ ಒಂದೇ ಅಂಕಿ. ಉಳಿದ ನಷ್ಟ ರಬ್ಬರಿನ ಬಿಗಿತದ್ದು. ಅದನ್ನು ಅಲ್ಲಿಗೇ ಬಿಟ್ಟೆ.

ಒಡೆದ ಕಿಟಕಿ

ನೋಡಲು ಬಂದ ಪಕ್ಕದ ಮನೆಯ ಹುಡುಗ ತಮಟೆಯನ್ನು ಹೆಬ್ಬೆರಳಿನಿಂದ ಒತ್ತಿದ. ಪಾದ ನೇರವಾಗಿ ನೀರಿನ ಕೋಣೆಗೆ ನುಗ್ಗಿತು, ರಬ್ಬರ್ ಹರಿಯಿತು, ಮೇಜಿನ ತುಂಬ ನೀಲಿ ನೀರು. ತಪ್ಪು ಅವನದಲ್ಲ. ಸುತ್ತಿಗೆಯನ್ನೂ ಅಡಿಗಲ್ಲನ್ನೂ ಒಂದೇ ತುಂಡಾಗಿ ಅಂಟಿಸಿದ್ದು ನಾನು.

ಕಿವಿಯಲ್ಲಿ ಅವೆರಡರ ನಡುವೆ ಕುದುರೆಯ ಜೀನಿನ ಆಕಾರದ ಕೀಲಿದೆ. ಮಾತಿನಂಥ ಶಬ್ದಕ್ಕೆ ಅವು ಹೆಚ್ಚುಕಡಿಮೆ ಒಂದಾಗಿಯೇ ತೊನೆಯುತ್ತವೆ. ಸೀನಿದಾಗ, ಬೆಟ್ಟ ಹತ್ತಿ ಇಳಿದಾಗ ತಮಟೆ ದೊಡ್ಡದಾಗಿ ಸರಿದರೆ ಕೀಲು ಜಾರಿಕೊಡುತ್ತದೆ, ರಿಕಾಪು ಅಷ್ಟು ದೂರ ಸರಿಯುವುದಿಲ್ಲ. ಈ ಕೀಲಿನ ಹಿಂದಿನ ಕಥೆ ನನಗೆ ಬಹಳ ಇಷ್ಟ. 1837ರಲ್ಲಿ ರೈಕರ್ಟ್ ಎಂಬ ಅಂಗರಚನಾ ವಿಜ್ಞಾನಿ ಭ್ರೂಣಗಳನ್ನು ಪರೀಕ್ಷಿಸಿ ತೋರಿಸಿದಂತೆ, ನಮ್ಮ ಸುತ್ತಿಗೆ ಮತ್ತು ಅಡಿಗಲ್ಲು ಸರೀಸೃಪಗಳ ದವಡೆಯ ಕೀಲಿನ ಎರಡು ಮೂಳೆಗಳಿಗೆ ಸಮ. ಹಲ್ಲಿಯ ದವಡೆ ಇವತ್ತಿಗೂ ಅದೇ ಕೀಲಿನ ಮೇಲೆ ತೆರೆದು ಮುಚ್ಚುತ್ತದೆ. ಅದರ ನಡುಕಿವಿಯಲ್ಲಿ ಇರುವುದು ಒಂದೇ ಮೂಳೆ.

ಅಂಟಿಸಿದ್ದನ್ನು ಗರಗಸದಲ್ಲಿ ಕೊಯ್ದು, ನಡುವೆ ತೆಳುವಾಗಿ ಸಿಲಿಕಾನ್ ಸೀಲೆಂಟ್ ತುಂಬಿ ಒಂದು ದಿನ ಒಣಗಲು ಬಿಟ್ಟೆ. ಈಗ ಹೆಬ್ಬೆರಳಿನಿಂದ ಒತ್ತಿದರೆ ಸುತ್ತಿಗೆ ಬಾಗುತ್ತದೆ, ಅಡಿಗಲ್ಲು ಹಿಂದೆ ಉಳಿಯುತ್ತದೆ. ನಳಿಕೆಯ ಅಂಕಿ 148ರಿಂದ 139ಕ್ಕೆ ಇಳಿಯಿತು. ಒಂಬತ್ತು ಮಿ.ಮೀ. ಕೊಟ್ಟು ಕಿಟಕಿ ಉಳಿಸಿಕೊಂಡೆ.

ಪೆಟ್ಟಿಗೆಯ ಮುಚ್ಚಳವನ್ನು ಗಾಳಿಯಾಡದಂತೆ ಮುಚ್ಚಿದ ಮರುದಿನ ಮಧ್ಯಾಹ್ನದ ಬಿಸಿಗೆ ತಮಟೆ ಹೊರಗೆ ಉಬ್ಬಿ ಕೂತಿತ್ತು. ತೆಳು ನಳಿಕೆಯೊಂದನ್ನು ತೂರಿಸಿ, ಬೇಕಾದಾಗ ತೆರೆಯಲು ಕ್ಲಿಪ್ ಹಾಕಿದೆ. ನುಂಗಿದಾಗ ಕಿವಿ ಟಪ್ ಎನ್ನುವುದು ಇದೇ, ಯೂಸ್ಟೇಶಿಯನ್ ನಾಳ ತೆರೆದುಕೊಳ್ಳುವುದು.

ರಿಕಾಪು

ಸುತ್ತಿಗೆ, ಅಡಿಗಲ್ಲುಗಳಿಗಿಂತ ತಡವಾಗಿ ಕಣ್ಣಿಗೆ ಬಿದ್ದ ಮೂಳೆ ಇದು. 1546ರಲ್ಲಿ ಇಂಗ್ರಾಸಿಯಾ ಎಂಬ ವೈದ್ಯರು ನೇಪಲ್ಸ್‌ನಲ್ಲಿ ಕಂಡರೆಂದು ಹೇಳುತ್ತಾರೆ. ನಾನು ಮೊದಲು ಮರದ ಗಟ್ಟಿ ಕಡ್ಡಿ ಹಾಕಿದ್ದೆ. ಅದು ಭಾರವಾಯಿತು. ತೆಳು ಅಲ್ಯೂಮಿನಿಯಂ ತಂತಿಯನ್ನು ಕಮಾನಿನಂತೆ ಬಗ್ಗಿಸಿ, ಎರಡು ಕಾಲುಗಳನ್ನು ಬಿಲ್ಲೆಯ ಎರಡು ತುದಿಗೆ ಅಂಟಿಸಿದೆ. ತೂಕ ಮೂರನೇ ಒಂದಕ್ಕೆ ಇಳಿಯಿತು, ಬಿಲ್ಲೆ ಓಲಾಡುವುದೂ ನಿಂತಿತು. ಭ್ರೂಣದಲ್ಲಿ ಈ ಕಮಾನಿನ ಸಂದಿಯಿಂದ ಒಂದು ರಕ್ತನಾಳ ಹಾದುಹೋಗುತ್ತದೆ, ಸಾಮಾನ್ಯವಾಗಿ ಹುಟ್ಟುವ ಮೊದಲೇ ಕರಗಿಹೋಗುತ್ತದೆ.

ಇನ್ನು ಶಬ್ದದ ಪರೀಕ್ಷೆ. ನಳಿಕೆ ತೆಗೆದು ದುಂಡು ಕಿಟಕಿಗೆ ರಬ್ಬರ್ ಮರಳಿ ಕಟ್ಟಿ, ಅದರ ಅಂಚಿನ ಬಳಿ ಕನ್ನಡಿಯ ಚೂರು ಅಂಟಿಸಿದೆ. ಅದಕ್ಕೆ ಲೇಸರ್ ಬಿಟ್ಟು 4 ಮೀಟರ್ ದೂರದ ಗೋಡೆಯ ಮೇಲೆ ಚುಕ್ಕೆ ಬೀಳಿಸಿದೆ. ಕಿಟಕಿ ಕಂಪಿಸಿದರೆ ಚುಕ್ಕೆ ಗೆರೆಯಾಗುತ್ತದೆ. ಸ್ಪೀಕರಿನಿಂದ 80 ಹರ್ಟ್ಜ್ ಸ್ವರ ಕೊಟ್ಟೆ. ಇದಕ್ಕಿಂತ ಎತ್ತರದ ಸ್ವರಕ್ಕೆ ನನ್ನ ಯಂತ್ರ ಮಂಕು. ಅಳತೆ ಹತ್ತು ಪಟ್ಟಾದರೆ ತೂಕ ಸಾವಿರ ಪಟ್ಟಾಗುತ್ತದೆ. ಮಿಲಿಗ್ರಾಂ ಲೆಕ್ಕದ ಮೂಳೆಗಳಿಗೆ ಸೆಕೆಂಡಿಗೆ ಸಾವಿರಾರು ಸಲ ಅಲುಗುವುದು ಸಲೀಸು, ಗ್ರಾಂ ಲೆಕ್ಕದ ಮರಕ್ಕೆ ಅದು ಆಗದು.

ಮೊದಲು ತಮಟೆ, ಮೂಳೆ ಎಲ್ಲ ತೆಗೆದು ಶಬ್ದವನ್ನು ನೇರವಾಗಿ ಕಿಟಕಿಗಳ ಮೇಲೆ ಬಿಟ್ಟೆ. ಚುಕ್ಕೆ ಚುಕ್ಕೆಯಾಗಿಯೇ ಉಳಿಯಿತು. ಎರಡೂ ಕಿಟಕಿಗಳನ್ನು ಶಬ್ದ ಒಟ್ಟಿಗೆ ಒಳಗೆ ಒತ್ತಿದರೆ ನೀರು ಯಾವ ಕಡೆಗೂ ಸರಿಯದು. ದುಂಡು ಕಿಟಕಿಯ ಮುಂದೆ ಸ್ಪಂಜು ಮತ್ತು ರಟ್ಟು ಮರೆ ಮಾಡಿ, ಬೆಳಕಿಗಷ್ಟೇ ಸೀಳು ಬಿಟ್ಟಾಗ 3 ಮಿ.ಮೀ. ಗೆರೆ ಕಂಡಿತು. ನಂತರ ಮೂಳೆಗಳ ಸಾಲನ್ನೂ ತಮಟೆಯನ್ನೂ ಮರಳಿ ಕೂರಿಸಿದೆ. ಸ್ಪೀಕರಿನ ದನಿ ಅಷ್ಟೇ, ದೂರವೂ ಅಷ್ಟೇ. ಗೆರೆ 40 ಮಿ.ಮೀ.

ಎಲ್‌ಇಡಿಯೊಂದನ್ನು ಸೆಕೆಂಡಿಗೆ 79 ಸಲ ಮಿನುಗಿಸಿ ಕೋಣೆ ಕತ್ತಲು ಮಾಡಿದೆ. 80ರ ಕಂಪನ ಆಗ ಸೆಕೆಂಡಿಗೊಂದು ಸಲದ ನಿಧಾನಕ್ಕೆ ಇಳಿದಂತೆ ಕಾಣುತ್ತದೆ. ಶವದ ಕಿವಿಗಳ ಶಂಖದೊಳಗಿನ ಅಲೆಯನ್ನು ಬೆಕೇಶಿ ಎಂಬ ವಿಜ್ಞಾನಿ ಇಂಥ ಮಿನುಗು ಬೆಳಕಿನಲ್ಲೇ ಕಂಡದ್ದು, 1961ರ ನೊಬೆಲ್ ಅವರಿಗೆ ಬಂದದ್ದು ಶಂಖದ ಮೇಲಿನ ಆ ಕೆಲಸಕ್ಕೆ. ನನ್ನ ಪೆಟ್ಟಿಗೆಯಲ್ಲಿ ಶಂಕು ಒಳಗೆ ಹೋಯಿತು, ಸುತ್ತಿಗೆಯ ತಲೆ ಹೊರಗೆ ತೊನೆಯಿತು, ಕಮಾನು ಪಾದವನ್ನು ಒತ್ತಿತು, ಕೆಳಗಿನ ರಬ್ಬರ್ ಹೊರಗೆ ಉಬ್ಬಿತು. ಮತ್ತೆ ಎಲ್ಲವೂ ತಿರುಗುಮುರುಗು. ಅಮ್ಮ ಮುಖವನ್ನು ಅಕ್ರಿಲಿಕ್‌ಗೆ ತಾಗುವಷ್ಟು ಹತ್ತಿರ ತಂದು ನೋಡುತ್ತಿದ್ದಳು. "ನಂದು ಯಾವುದು ನಿಂತಿರೋದು?" ಅಂದಳು. ಪಾದವನ್ನು ತೋರಿಸಿದೆ.

ಅಂಟಿಸಿ, ಬಿಡಿಸಿ

ಮರುದಿನ ಬಿಲ್ಲೆಯ ಸುತ್ತ ಎಪಾಕ್ಸಿ ಸುರಿದು ಗೋಡೆಗೆ ಬೆಸೆದೆ. ಇಷ್ಟು ಕಷ್ಟಪಟ್ಟು ಅಲುಗಿಸಿದ್ದನ್ನು ಕೈಯಾರೆ ನಿಲ್ಲಿಸಲು ಮನಸ್ಸು ಒಪ್ಪಲಿಲ್ಲ, ಆದರೆ ಅಮ್ಮನ ಕಿವಿ ಇರುವುದು ಹೀಗೆ. 80 ಹರ್ಟ್ಜ್ ಕೊಟ್ಟೆ. ತಮಟೆ ನಡುಗಿತು, ಗೋಡೆಯ ಮೇಲೆ ಚುಕ್ಕೆ ಸುಮ್ಮನೆ ನಿಂತಿತು.

1956ರಲ್ಲಿ ಅಮೆರಿಕದ ಜಾನ್ ಶೀ ಎಂಬ ಶಸ್ತ್ರವೈದ್ಯರು ಅಂಟಿದ ರಿಕಾಪನ್ನು ತೆಗೆದು, ಕಿಟಕಿಗೆ ಅಭಿಧಮನಿಯ ತುಣುಕು ಹೊದಿಸಿ, ಟೆಫ್ಲಾನಿನ ರಿಕಾಪು ಕೂರಿಸಿದರು. ಈಗ ಹೆಚ್ಚಾಗಿ ಪಾದವನ್ನು ಪೂರ್ತಿ ಕೀಳುವುದಿಲ್ಲ. ಅದರಲ್ಲಿ ಪುಟ್ಟ ತೂತು ಮಾಡಿ, 0.4ರಿಂದ 0.6 ಮಿ.ಮೀ. ದಪ್ಪದ ಪಿಸ್ಟನ್ ಇಳಿಸಿ, ಅದರ ಕೊಕ್ಕೆಯನ್ನು ಅಡಿಗಲ್ಲಿನ ಕಾಲಿಗೆ ಸಿಕ್ಕಿಸುತ್ತಾರೆ. ನನ್ನ ಅಳತೆಗೆ ಅದು 6 ಮಿ.ಮೀ. ನೀರು ಖಾಲಿ ಮಾಡಿ, ಕಮಾನನ್ನು ಕತ್ತರಿಸಿ, ಬೆಸೆದ ಬಿಲ್ಲೆಯ ನಡುವೆ 7 ಮಿ.ಮೀ. ತೂತು ಕೊರೆದೆ. ಹಿಂದಿದ್ದ ರಬ್ಬರ್ ಡ್ರಿಲ್ಲಿಗೆ ಸಿಕ್ಕಿ ಹರಿಯಿತು, ತೂತಿಗೆ ಬಲೂನಿನ ಚೂರು ಹೊದಿಸಿದೆ. ಟೆಫ್ಲಾನ್ ಕಡ್ಡಿಯನ್ನು ನಿಲ್ಲಿಸಿ ಅಲ್ಯೂಮಿನಿಯಂ ತಂತಿಯ ಕೊಕ್ಕೆ ಹಾಕಿದೆ. ಕೊಕ್ಕೆ ಸಡಿಲವಾದರೆ ಕಟಕಟ ಎನ್ನುತ್ತದೆ, ಬಿಗಿಯಾದರೆ ಕಾಲು ಮುರಿಯುತ್ತದೆ. ಇಕ್ಕಳದಲ್ಲಿ ನಾಲ್ಕು ಸಲ ಬಿಚ್ಚಿ ಹಾಕಿದೆ. ಇದರ ಹತ್ತನೇ ಒಂದರಷ್ಟು ಜಾಗದಲ್ಲಿ, ಜೀವವಿರುವ ಕಿವಿಯಲ್ಲಿ ಇದನ್ನು ಮಾಡುವ ಕೈಗಳ ಬಗ್ಗೆ ಅವತ್ತು ಬಹಳ ಹೊತ್ತು ಯೋಚಿಸಿದೆ.

ನೀರು ತುಂಬಿ ಸ್ವರ ಕೊಟ್ಟಾಗ ಗೆರೆ 9 ಮಿ.ಮೀ. ಬಂತು. ನಲವತ್ತಲ್ಲ. ಪಿಸ್ಟನ್ ಸಣ್ಣದು, ಒಂದು ತಳ್ಳಿಗೆ ಅದು ಸರಿಸುವ ನೀರು ಕಡಿಮೆ. ಮನುಷ್ಯರ ಕಿವಿಯಲ್ಲಿ ಫಲ ಇದಕ್ಕಿಂತ ಎಷ್ಟೋ ಚೆನ್ನಾಗಿರುತ್ತದೆ. ಗಾಳಿಯ ಮೂಲಕ ಕೇಳುವುದಕ್ಕೂ ಎಲುಬಿನ ಮೂಲಕ ಕೇಳುವುದಕ್ಕೂ ನಡುವಿನ ಅಂತರ ಹೆಚ್ಚಿನವರಲ್ಲಿ 10 ಡೆಸಿಬೆಲ್‌ನ ಒಳಕ್ಕೆ ಬರುತ್ತದೆ. ಅದನ್ನೂ ಅಮ್ಮನಿಗೆ ಹೇಳಿದೆ.

ಅಮ್ಮ ಸ್ಪೀಕರಿನ ಗುಂಡಿಯನ್ನು ತಾನೇ ತಿರುಗಿಸಿದಳು. ಗೋಡೆಯ ಮೇಲೆ ಚುಕ್ಕೆ ಗೆರೆಯಾಯಿತು, ಮತ್ತೆ ಚುಕ್ಕೆಯಾಯಿತು, ಮತ್ತೆ ಗೆರೆಯಾಯಿತು. ಆಮೇಲೆ ಕತ್ತರಿಸಿ ಬಿಸಾಡಿದ್ದ ತಂತಿಯ ಕಮಾನನ್ನು ಮೇಜಿನಿಂದ ಎತ್ತಿಕೊಂಡು ಬೆರಳ ತುದಿಯಲ್ಲಿ ಇಟ್ಟು ನೋಡಿ, "ಇದರ ಹತ್ತರಲ್ಲೊಂದು ಅಲ್ವಾ?" ಅಂದಳು. ಹೌದಮ್ಮ, ಅಂದೆ.